ನಾಲ್ಕನೆಯ ಪ್ರತಿ

ಹಳೆಯ ಟ್ರಂಕು ತೆಗೆದಾಗ ನೀಲಿ ಕಾರ್ಬನ್ ಹಾಳೆಯ ಎಣ್ಣೆವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಆ ವಕೀಲರ ನೆನಪೂ ಬಂತು...

ಎಂಬತ್ತರ ದಶಕದಲ್ಲಿ ಆಳಂದ ಕೋರ್ಟಿನ ಎದುರು, ಬೇವಿನ ಗಿಡದ ಕೆಳಗೆ, ಒಂದು ಟೈಪ್‌ರೈಟರು ಮತ್ತು ಕುಂಟುಮೇಜಿನ ಬಲದ ಮೇಲೆ ನಾನು ರಾಜ್ಯವಾಳುತ್ತಿದ್ದೆ. ಯಾರನ್ನೂ ನಂಬಬಾರದೆಂಬುದು ಆ ರಾಜ್ಯದ ಏಕೈಕ ಕಾನೂನು. ವಕೀಲರು ಗುಲ್ಬರ್ಗಾದಿಂದ ಬಸ್ಸಿನಲ್ಲಿ ಬಂದು ಕೂಲಿಯವರ ಕೇಸುಗಳನ್ನು ಫೀ ಇಲ್ಲದೆ ನಡೆಸುತ್ತಿದ್ದರು. ಫೀ ಬೇಡವೆನ್ನುವ ವಕೀಲರನ್ನು ಕಂಡರೆ ನನಗೆ ಹಾಲು ಬೇಡವೆನ್ನುವ ಬೆಕ್ಕನ್ನು ಕಂಡಂತಾಗುತ್ತಿತ್ತು. ಇಲೆಕ್ಷನ್ನಿಗೆ ನಿಲ್ಲುವವರೋ? ಕೊನೆಗೆ ಎದುರಿನವರ ಜೊತೆ ರಾಜಿಯಾಗುವವರೋ?

ಅವರದೊಂದು ವಿಚಿತ್ರ ರೂಢಿ. ಟೈಪಾದ ಅರ್ಜಿಯನ್ನು ಕಕ್ಷಿದಾರರಿಗೆ ಓದಿ ಹೇಳಿ, ಅವರ ಬಾಯಿಂದಲೇ ತಿರುಗಿ ಹೇಳಿಸದ ಹೊರತು ಹೆಬ್ಬೆಟ್ಟು ಒತ್ತಿಸುತ್ತಿರಲಿಲ್ಲ.

ಒಮ್ಮೆ ನಿಂಬರ್ಗಾ ಕಡೆಯ ಒಂದು ಹಳ್ಳಿಯಿಂದ ಒಬ್ಬ ಹೆಂಗಸು ಬಂದಳು. ಊರಿನ ಸರಕಾರಿ ಬಾವಿಗೆ ಅವಳ ಕೇರಿಯವರು ಕೊಡ ಇಳಿಸುವಂತಿರಲಿಲ್ಲ. ಇಳಿಸಿದ್ದಕ್ಕೆ ಗೌಡ ಅವಳ ಕೊಡ ಒಡೆದು, ಕೈಯನ್ನೂ ಮುರಿದಿದ್ದ.

"ಹೇಳವ್ವ, ಇದರಾಗ ಏನ್ ಬರದದ?"

"ನೀವೇ ಓದೀರಲ್ರೀ ಸಾಹೇಬ್ರ, ಮತ್ ನನಗ್ಯಾಕ ಕೇಳ್ತೀರಿ?"

"ಕೇಸ್ ನಿಂದೋ, ನಂದೋ?"

ಅವಳು ಮೂರು ಸಲ ಹೇಳಿದಳು. ಗಿಣಿಪಾಠ ಕಲಿಸುತ್ತಿದ್ದಾರೆಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟೆ.

ಮರುದಿನ ಗೌಡ ನನ್ನ ಮೇಜಿನ ಬಳಿ ಬಂದ. "ಆ ವಕೀಲ ಪುಕ್ಕಟೆ ಯಾಕ ದುಡೀತಾನ್ರೀ? ನಾಳಿಗಿ ರಾಜಿಗಿ ಬರಾಂವನೇ. ಸಾಕ್ಷಿ ಹೇಳವರು ಯಾರ್ಯಾರು, ಒಂದ್ ಕಾಗದ ನಮಗೂ ಇರ್ಲಿ."

ನನ್ನ ಅನುಮಾನವನ್ನೇ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಸತ್ಯವೇ ಇರಬೇಕೆನಿಸಿತು. ಆ ಮಧ್ಯಾಹ್ನ ವಕೀಲರು ಸಾಕ್ಷಿಗಳ ಪಟ್ಟಿ ತಂದರು. ಮೂರು ಪ್ರತಿ ಕೇಳಿದ್ದರು. ನಾನು ನಾಲ್ಕು ತೆಗೆದೆ.

ವಿಚಾರಣೆಯ ದಿನ ಐದೂ ಸಾಕ್ಷಿಗಳು "ನಮಗೇನೂ ಗೊತ್ತಿಲ್ರಿ" ಎಂದು ಹೇಳಿ, ಗೌಡನ ಜೀಪಿನಲ್ಲೇ ಊರಿಗೆ ಮರಳಿದರು. ಉಳಿದವಳು ಅವಳೊಬ್ಬಳು. ಯಾವ ವಾರ, ಯಾರ ಹಗ್ಗ, ಯಾವ ಕೈ... ಕಾಗದ ನೋಡದೆ ಎಲ್ಲವನ್ನೂ ಹೇಳಿದಳು.

"ಇದನ್ನೆಲ್ಲ ನಿನಗ ಯಾರು ಕಲಿಸ್ಯಾರ?" ಎಂದು ಗೌಡನ ವಕೀಲ ಗದರಿಸಿದ.

"ಮುರದದ್ದು ನನ್ನ ಕೈಯ್ರೀ. ಅದನ್ನೂ ಬ್ಯಾರೇದವರು ಕಲಿಸಬೇಕೇನ್ರಿ?"

ಗೌಡನಿಗೆ ಶಿಕ್ಷೆಯಾಯಿತು. ಅವಳ ಕೇರಿಯವರು ಬಾವಿಗೆ ಕೊಡ ಇಳಿಸಿದರು.

ವಕೀಲರು ನನಗೆ ಟೈಪಿನ ಕೆಲಸ ಕೊಡುವುದನ್ನು ನಿಲ್ಲಿಸಲಿಲ್ಲ. ಸಾಕ್ಷಿಗಳ ಪಟ್ಟಿಯನ್ನು ಮಾತ್ರ ಅಂದಿನಿಂದ ತಾವೇ ಕೈಯಲ್ಲಿ ಬರೆದು ತರತೊಡಗಿದರು. "ಇದನ್ನೂ ಕೊಡ್ರಿ, ಹೊಡದು ಕೊಡ್ತೇನಿ" ಎಂದೆ ಒಮ್ಮೆ.

"ಇರ್ಲಿ ಬಿಡ್ರಿ, ನಿಮಗ್ಯಾಕ ತ್ರಾಸ" ಎಂದರು, ನಗುತ್ತಲೇ...

ಆ ನಗುವಿನ ಅರ್ಥವನ್ನು ಕೇಳಬೇಕೆಂದು ಧೈರ್ಯ ಕೂಡಿಸುವುದರಲ್ಲೇ ವರ್ಷಗಳು ಸಂದವು. ಕಳೆದ ತಿಂಗಳು ಅವರು ತೀರಿಕೊಂಡರು. ಇನ್ನು ಕೇಳಲು ಯಾರೂ ಇಲ್ಲ. ಶೋಕಸಭೆಯಲ್ಲಿ ನನ್ನನ್ನು "ಅವರ ನಂಬಿಕೆಯ ಮನುಷ್ಯ" ಎಂದು ಪರಿಚಯಿಸಿ, ಎರಡು ಮಾತಾಡಲು ಕರೆದರು. ಎದ್ದು ನಿಂತೆ. ಕೈಮುಗಿದು ಮರಳಿ ಕೂತುಬಿಟ್ಟೆ. ದುಃಖವೆಂದೇ ಎಲ್ಲರೂ ನಂಬಿದರು.