ಏನೂ ಮಾಡದ ಅನಿಲ

ನನ್ನ ಮಾಸ್ತರಿಕೆ ಕಾಯಂ ಆದದ್ದು ಏನೂ ಮಾಡದ ಒಂದು ಅನಿಲದ ದಯೆಯಿಂದ. ಇದನ್ನು ಹೇಳಿದರೆ ಮನೆಯಲ್ಲಿ ನಗುತ್ತಾರೆ, ಆದ್ದರಿಂದ ನಿಮ್ಮೆದುರು ಹೇಳುತ್ತಿದ್ದೇನೆ.

ನಿಜಾಮರ ಆಳಿಕೆಯ ಕೊನೆಯ ವರ್ಷಗಳು. ಕುಷ್ಟಗಿಯ ಹತ್ತಿರದ ಒಂದು ಊರಿನ ಶಾಲೆಯಲ್ಲಿ ನಾನು ಹಂಗಾಮಿ ವಿಜ್ಞಾನ ಮಾಸ್ತರ. ಪಾಠ ಉರ್ದುವಿನಲ್ಲಿ, ಅದರ ಅರ್ಥ ಕನ್ನಡದಲ್ಲಿ. ಪ್ರಯೋಗ ಮಾತ್ರ ಯಾವ ಭಾಷೆಯಲ್ಲೂ ಇರಲಿಲ್ಲ. ಸಾಮಾನಿನ ಕಪಾಟಿನಲ್ಲಿದ್ದದ್ದು ಒಂದು ತಕ್ಕಡಿ, ಅದಕ್ಕೂ ಒಂದೇ ತಟ್ಟೆ. ಇನ್ಸ್‌ಪೆಕ್ಟರ್ ಸಾಹೇಬರು ತನಿಖೆಗೆ ಬರುತ್ತಾರೆ, ಪ್ರಯೋಗ ತೋರಿಸದ ಹಂಗಾಮಿಗಳನ್ನು ಮನೆಗೆ ಕಳಿಸುತ್ತಾರೆ ಎಂಬ ಸುದ್ದಿ ಬಂದದ್ದೇ ನನಗೆ ಜ್ವರ ಬಂತು. ಥರ್ಮಾಮೀಟರ್ ಇಲ್ಲದ್ದರಿಂದ ಅದನ್ನೂ ಸಾಬೀತು ಮಾಡಲಾಗಲಿಲ್ಲ.

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ನಮ್ಮ ಭಾವ ಫಿಟ್ಟರ್. ಅಲ್ಲಿ ಎಂಜಿನ್ನಿನಿಂದ ಹುಟ್ಟುವ ಕರೆಂಟಿನಲ್ಲಿ ಉರಿದು ಕೆಟ್ಟ ಒಂದು ಬಲ್ಬನ್ನು ಅವರಿಂದ ಕೇಳಿ ತಂದೆ. ನಮ್ಮ ಶಾಲೆಯ ಹಿರಿಯ ಜವಾನ ಹುಸೇನಸಾಬರು ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು.

"ತಂತಿ ಹರದೈತ್ರಿ. ಒಳಗ ಏನೂ ಇಲ್ಲ."

"ಐತ್ರಿ. ಆರ್ಗಾನ್ ಅಂತ ಒಂದು ಗಾಳಿ ಐತಿ."

"ಅದು ಏನ್ ಮಾಡತೈತ್ರಿ?"

"ಏನೂ ಮಾಡೂದಿಲ್ಲ."

ಅವರು ಬಲ್ಬನ್ನು ನನ್ನ ಕೈಗೇ ವಾಪಸು ಕೊಟ್ಟರು. "ಮತ್ತ ಸಾಹೇಬ್ರಿಗೆ ಏನ್ ತೋರಸ್ತೀರಿ?"

"ಅದನ್ನ."

ಸಾಹೇಬರು ಬೀದರ್ ಕಡೆಯವರು, ಕನ್ನಡ ಬಲ್ಲವರು. ತನಿಖೆಯ ದಿನ ಅವರೆದುರು ಬಲ್ಬಿನ ಹಿತ್ತಾಳೆ ಟೋಪಿ ಕಿತ್ತು, ಬಲ್ಬನ್ನು ಬಕೀಟಿನ ನೀರಿನಲ್ಲಿ ತಲೆಕೆಳಗಾಗಿ ಮುಳುಗಿಸಿ, ಇಕ್ಕಳದಿಂದ ಗಾಜಿನ ತುದಿ ಮುರಿದೆ. ನೀರು ಒಳಗೆ ನುಗ್ಗಿ, ಕಾಲುಭಾಗ ಏರಿ ನಿಂತಿತು.

"ಪೂರಾ ಖಾಲಿ ಇದ್ದಿದ್ದರ ನೀರು ತುಂಬ್ತಿತ್ರಿ ಸಾಹೇಬ್ರ. ಮ್ಯಾಲೆ ಉಳದದ್ದು ಆರ್ಗಾನ್."

"ಈಗ ಏನ್ ಆಗ್ತದ?"

"ಏನೂ ಆಗೂದಿಲ್ರಿ."

ಎಲ್ಲರೂ ಕಾದೆವು. ಏನೂ ಆಗಲಿಲ್ಲ. ಅಷ್ಟು ನಿಖರವಾದ ಪ್ರಯೋಗವನ್ನು ನಾನು ಮುಂದೆಂದೂ ಮಾಡಲಿಲ್ಲ.

"ಯಾಕ ಆಗಂಗಿಲ್ಲ?" ಎಂದರು ಸಾಹೇಬರು.

ಇದಕ್ಕೆ ವಾರದಿಂದ ತಯಾರಾಗಿದ್ದೆ. ಬಹಳಷ್ಟು ಪರಮಾಣುಗಳಿಗೆ ಹೊರಸುತ್ತಿನಲ್ಲಿ ಎಲೆಕ್ಟ್ರಾನುಗಳು ಎಂಟಾದರೆ ನೆಮ್ಮದಿ. ಸೋಡಿಯಂ ಬಳಿ ಒಂದು ಹೆಚ್ಚು, ಕ್ಲೋರಿನ್ ಬಳಿ ಒಂದು ಕಡಿಮೆ; ಕೊಟ್ಟು ತೆಗೆದುಕೊಂಡು ಎರಡೂ ಉಪ್ಪಾಗುತ್ತವೆ. ಆರ್ಗಾನಿಗೆ ಹುಟ್ಟುತ್ತಲೇ ಎಂಟು ಭರ್ತಿ. ಬೇಡಲು ಕಾರಣವಿಲ್ಲ, ಕೊಡಲು ಮನಸ್ಸಿಲ್ಲ. ಹೀಗೆಂದು ವಿವರಿಸಿದೆ.

ಬಾಗಿಲಲ್ಲಿ ನಿಂತಿದ್ದ ಹುಸೇನಸಾಬರಿಗೆ ತಡೆಯಲಾಗಲಿಲ್ಲ. "ಹಂಗಾರ ಅದನ್ನ ದೀಪದಾಗ ಯಾಕ ತುಂಬ್ಯಾರ್ರಿ?"

ಇದಕ್ಕೆ ನಾನು ತಯಾರಾಗಿರಲಿಲ್ಲ. ಆದರೂ ಬಾಯಿ ತಾನೇ ಹೇಳಿತು: "ನಮ್ಮ ಗಾಳಿ ಇದ್ದರ ಕಾದ ತಂತಿಗೆ ಕೂಡಿ ಅದನ್ನ ಸುಟ್ಟುಬಿಡ್ತಿತ್ತು. ಇದು ಕೂಡೂದಿಲ್ಲ. ಅದಕ್ಕ ತಂತಿ ಬೆಳಗತೈತಿ."

ಸಾಹೇಬರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ತನಿಖೆಯ ಪುಸ್ತಕದಲ್ಲಿ ಬರೆದರು: "ಏನೂ ಆಗುವುದಿಲ್ಲವೆಂದು ಮಾಸ್ತರರು ಹೇಳಿದರು. ಏನೂ ಆಗಲಿಲ್ಲ. ಕಾಯಂ ಮಾಡಬಹುದು."

ಸಂತೋಷದಲ್ಲಿ ಹಿಂದೆ ನೋಡದೆ ಬಕೀಟಿನ ಅಂಚಿನ ಮೇಲೇ ಕುಳಿತೆ. ಬಕೀಟು ಉರುಳಿತು. ಆರ್ಗಾನ್ ಶಾಲೆಯ ಗಾಳಿಯಲ್ಲಿ ಬೆರೆಯಿತು. ಅಲ್ಲಿ ಅದು ಮೊದಲೇ ಒಂದಿಷ್ಟು ಇತ್ತು.

ಬಹಳ ವರ್ಷಗಳ ಮೇಲೆ ಪತ್ರಿಕೆಯಲ್ಲಿ ಓದಿದೆ: ಆರ್ಗಾನಿನ ಮನೆತನದ ಕ್ಸೆನಾನ್ ಎಂಬ ಅನಿಲವನ್ನು ವಿಜ್ಞಾನಿಗಳು ಬೇರೆ ಧಾತುಗಳೊಡನೆ ಕೂಡಿಸಿದ್ದಾರಂತೆ. ನನಗೆ ಮನೆಯವರೇ ಮಾತು ತಪ್ಪಿದ ಹಾಗಾಯಿತು. ಎಷ್ಟು ತಂಡಗಳ ಹುಡುಗರಿಂದ 'ಈ ಮನೆತನ ಯಾವುದರೊಡನೆಯೂ ಎಂದಿಗೂ ಕೂಡದು' ಎಂದು ಬರೆಸಿದ್ದೆನೋ! ಪಿಂಚಣಿ ಪಡೆದು ಕಟ್ಟೆಯ ಮೇಲೆ ಕೂತಿರುತ್ತಿದ್ದ ಹುಸೇನಸಾಬರ ಬಳಿ ಹೋಗಿ ತಪ್ಪು ಒಪ್ಪಿಕೊಂಡೆ.

ಅವರು ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟರು.

"ಹೋಗ್ಲಿ ಬಿಡ್ರಿ ಮಾಸ್ತರ್ರ. ಅದರದೇನ್ ತಪ್ಪಿಲ್ಲ. ಯಾರೋ ಭಾಳ ಒತ್ತಾಯ ಮಾಡಿರಬೇಕು."