ಬಾಳು ಕಾಕಾನ ಕಂಕಣ

ಆಗಿನ ಕಾಲದಲ್ಲಿ ಅಥಣಿಯ ನಮ್ಮ ಓಣಿಯಲ್ಲಿ ಲಗ್ನದ ದಿನಗಳು ಬಂದವೆಂದರೆ ಬೆಲ್ಲ ಬೆರೆಸಿದ ಮಾದಲಿಯ ವಾಸನೆಗಿಂತ ಮೊದಲು ಸಾಗವಾನಿ ಹೊಟ್ಟಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮದುಮಕ್ಕಳಿಗೆ ಕೊಡುವ ಮಂಚಗಳು ನಮ್ಮ ಪಡಸಾಲೆಯಲ್ಲೇ ತಯಾರಾಗುತ್ತಿದ್ದವು. ಸವೆದ ಪಾಲಿಶ್ ಪೇಪರಿನ ಚೂರುಗಳೇ ನಮ್ಮ ಆಟದ ಸಾಮಾನು. ಕಣ್ಣು ಮುಚ್ಚಿ, ಬೆರಳಾಡಿಸಿ, ನಂಬರು ಹೇಳಬೇಕು. ಅರವತ್ತು ಚರ್ಮ ಕೀಳುವಂಥದ್ದು, ನೂರಿಪ್ಪತ್ತು ಬೆಕ್ಕಿನ ನಾಲಿಗೆ. ನಂಬರು ಏರಿದಷ್ಟೂ ನಯ. ಯಾವಾಗಲೂ ನಾನೇ ಗೆಲ್ಲುತ್ತಿದ್ದೆ, ಆ ಜಂಬವೂ ಇತ್ತು ಅನ್ನಿ.

ಆ ವರ್ಷ ಅಪ್ಪ ಸಾಂಗಲಿಯಿಂದ ಹಳೆಯದೊಂದು ಪಾಲಿಶ್ ಮಷೀನು ತಂದ. ಬೆಂಚಿನ ಮೇಲೆ ಎರಡು ರೋಲರು, ಅವುಗಳ ಸುತ್ತ ಬೆಲ್ಟಿನ ಹಾಗೆ ಓಡುವ ಪಾಲಿಶ್ ಪೇಪರು. ಅದು ಶುರುವಾದರೆ ಗೂಡಿನಲ್ಲಿಟ್ಟ ತಂಬಿಗೆ ನಡುಗುತ್ತಿತ್ತು.

"ತೋಳ ಮಡಚ್ರಿ, ಹೆಗಲ ಮ್ಯಾಲಿನ ಟವೆಲ್ ತಗೀರಿ, ಹರಿದ ಪೇಪರ್ ಹಾಕಬ್ಯಾಡ್ರಿ, ಕೈಯಾಗ ಏನೂ ಜೋತಾಡಬಾರ್ದು," ಎಂದು ಅಪ್ಪ ದಿನಾ ಹೇಳುತ್ತಿದ್ದ.

ಅಷ್ಟರಲ್ಲಿ ಅಪ್ಪನ ತಮ್ಮ ಬಾಳು ಕಾಕಾನ ಮದುವೆಯಾಯಿತು. ಕೆತ್ತನೆಯಲ್ಲಿ ಅವನ ಕೈಗೆ ಸುತ್ತಮುತ್ತ ಸಾಟಿಯಿರಲಿಲ್ಲ. ಆ ಬಲಗೈಗೆ ಅರಿಶಿನ ಕೊಂಬಿನ ಕಂಕಣ ಕಟ್ಟಿದ್ದರು. ಮನೆದೇವರಿಗೆ ಹೋಗಿ ಬರುವ ತನಕ ಬಿಚ್ಚುವಂತಿಲ್ಲ.

"ಅಲ್ಲೀತನಕ ಮಷೀನ್ ಕಡೆ ಸುಳೀಬ್ಯಾಡಲೇ ಬಾಳು," ಎಂದು ಹೇಳಿ ಅಪ್ಪ ಕಟ್ಟಿಗೆ ತರಲು ಸಾಂಗಲಿಗೆ ಹೋದ.

ಲಗ್ನ ಹತ್ತಿರ ಬಂದವರು ಮಂಚಕ್ಕಾಗಿ ಬಂದು ಕಟ್ಟೆಯ ಮೇಲೆ ಕೂತರು. ಕಾಕಾ ತಡೆಯದೆ ಮಷೀನು ಹಾಕಿಯೇಬಿಟ್ಟ. ಹೊಸ ಮದುಮಗಳು ಶಾಂತಾ ಕಾಕು ಒಳಗಿಂದ ಓಡಿ ಬಂದಳು. ಐನಾಪುರದ ಅವಳ ತವರಿನಲ್ಲಿ ಹಿಟ್ಟಿನ ಗಿರಣಿಯಿತ್ತು.

"ಬಂದ್ ಮಾಡ್ರಿ! ನಮ್ಮ ಗಿರಣ್ಯಾಗ ಧೋತರದ ಚುಂಗ ಬೆಲ್ಟಿಗೆ ಸಿಕ್ಕು ಒಬ್ಬಾವನ್ನ ಎಳಕೊಂಡಿತ್ತ್ರಿ. ಕಣ್ಣಾರೆ ನೋಡೇನಿ."

ಕಾಕಾ ನಗುತ್ತ ಬಂದ್ ಮಾಡಿದ. ಕಾಕು ಕತ್ತರಿ ತಂದು ಕಂಕಣವನ್ನು ಕಚಕ್ಕನೆ ಕತ್ತರಿಸಿದಳು. ನಮ್ಮ ಅಜ್ಜಿ, ನಾವೆಲ್ಲ ಆಯಿ ಅನ್ನುತ್ತಿದ್ದೆವು, ಅದನ್ನು ಕಂಡು ಎದೆ ಎದೆ ಬಡಿದುಕೊಂಡಳು.

"ಅಯ್ಯ ಶಿವನ! ಗಂಡನ ಕಂಕಣಕ್ಕ ಕತ್ತರಿ ಹಾಕಿದೆಲ್ಲಬೇ, ಇನ್ನೇನು ಕಾದೈತೋ ಈ ಮನಿಗೆ!"

ಅಂದೇ ದೇವರ ಮುಂದೆ ಆಯಿ ಹೊಸ ಕಂಕಣ ಕಟ್ಟಿದಳು. ಮತ್ತೆ ಹರಿಯಬಾರದೆಂದು ದಾರವನ್ನು ಹುರಿ ಮಾಡಿ ದಪ್ಪಗೆ ಕಟ್ಟಿದಳು.

ಮರುದಿನ ಕಾಕಾ ಮತ್ತೆ ಮಷೀನಿನ ಮುಂದೆ ನಿಂತ. "ಕೈ ಮುಗೀತೀನ್ರಿ, ಭಾವಾರು ಬರೂತನಕ ತಡೀರಿ," ಎಂದು ಕಾಕು ಅಂಗಲಾಚಿದಳು.

"ದೇವರ ದಾರ ಕಟ್ಟೇನಿ, ಅವಗೇನಾಗತೈತಿ? ನೀ ಒಳಗ ನಡಿ," ಎಂದು ಆಯಿ ಗದರಿದಳು. ಕಾಕು ತಲೆ ತಗ್ಗಿಸಿ ಒಳಗೆ ಹೋದಳು. ನಾನು ಕಂಬ ಹಿಡಿದು ನಿಂತಿದ್ದೆ.

ಕಾಕಾ ಮಂಚದ ಕಾಲನ್ನು ಒತ್ತಿ ಹಿಡಿದ. ಜೋತಾಡುತ್ತಿದ್ದ ದಾರದ ತುದಿ ರೋಲರಿನ ಸಂದಿಗೆ ಹೋಯಿತು. ಮೊದಲಿನ ಸಣ್ಣ ಎಳೆಯಾಗಿದ್ದರೆ ಹರಿದಾದರೂ ಹೋಗುತ್ತಿತ್ತೋ ಏನೋ. ಈ ದಾರ ಹರಿಯಲಿಲ್ಲ. ಕಾಕಾ ಚೀರಿದ. ಆಯಿ ದೇವರ ಕೋಣೆಗೆ ಓಡಿದಳು. ಓಡಿ ಬಂದು ಬಟನ್ ಒತ್ತಿ ಬಂದ್ ಮಾಡಿದವಳು ಕಾಕು.

ಮಿರಜಿನ ದವಾಖಾನೆಯಿಂದ ಕಾಕಾ ಮರಳಿದಾಗ ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತು. ನೋಡಲು ಬಂದವರಿಗೆಲ್ಲ ಆಯಿ, "ಇಕಿ ಕಂಕಣ ಕತ್ತರಿಸಿದ್ಲು, ಅದಕ್ಕ ಹಿಂಗಾತು," ಎಂದಳು. ಅಪ್ಪನೊಬ್ಬ ಹಲ್ಲು ಕಚ್ಚಿ, "ಅವ್ವಾ, ಸಾಕ ಮಾಡು," ಎಂದ. ಅವನ ಮಾತು ಯಾರಿಗೆ ಬೇಕಿತ್ತು? ಕಾಕಾನೂ ಗೋಡೆಯ ಕಡೆ ಮುಖ ತಿರುಗಿಸಿ, "ಇಕೀನ ತವರಮನಿಗೆ ಕಳಿಸ್ರಿ," ಅಂದುಬಿಟ್ಟ.

ಈಗ ಆಯಿಯಿಲ್ಲ, ಆ ಪಡಸಾಲೆಯೂ ಇಲ್ಲ. ನೆಂಟರು ಸೇರಿದರೆ ಕಾಕಾನ ಬೆರಳುಗಳಿಗಾಗಿ ಇಂದಿಗೂ ಲೊಚಗುಟ್ಟುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ಆ ಕೈ ಉಳಿಸಲು ನಮ್ಮ ಮನೆಯಲ್ಲಿ ಗೋಗರೆದವಳು ಶಾಂತಾ ಕಾಕು ಒಬ್ಬಳೇ. ಕಾಲಿನ ಅರಿಶಿನ ಮಾಸುವ ಮೊದಲೇ ಅವಳನ್ನು ಐನಾಪುರದ ಬಸ್ಸು ಹತ್ತಿಸಿದರು, ಮತ್ತೆ ಕರೆತರಲು ಯಾರೂ ಹೋಗಲಿಲ್ಲ.