ಚಾಕೊಲೇಟಿನ ಬಸವ

ಅಮ್ಮನ ಬಲಗೈ ಮಡಿಲಿನಿಂದ ಎದ್ದು ಎದೆಯ ಹತ್ತಿರ ಹೋಯಿತು. ನಾನು ಕಣ್ಣಾರೆ ಕಂಡದ್ದು ಅಷ್ಟೇ. ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನಾಯಿತು ಎನ್ನುವುದನ್ನು ಕ್ರಮವಾಗಿ ಬರೆಯಲು ಪ್ರಯತ್ನಿಸುತ್ತೇನೆ. ಆ ಕೈಯ ವಿಚಾರದಲ್ಲಿ ನಮ್ಮ ಮನೆಯಲ್ಲಿ ಮೂವರದ್ದೂ ಮೂರು ಮಾತು. ಅದರಲ್ಲಿ ನನ್ನದೇ ಎಲ್ಲಕ್ಕಿಂತ ಬಲವಿಲ್ಲದ ಮಾತು.

ನನ್ನ ತಂಗಿ ಮೈಸೂರಿನ ಒಂದು ಹೋಟೆಲಿನಲ್ಲಿ ಕೇಕು, ಪೇಸ್ಟ್ರಿ ಮಾಡುವ ವಿಭಾಗದಲ್ಲಿದ್ದಾಳೆ. ಚಾಕೊಲೇಟಿನಲ್ಲಿ ಶಿಲ್ಪ ಮಾಡುವವರಿಗಾಗಿ ಟೀವಿಯವರು ನಡೆಸಿದ ಸ್ಪರ್ಧೆಗೆ ಆಯ್ಕೆಯಾಗಿ, ಹಲವು ಸುತ್ತು ದಾಟಿ, ಕೊನೆಯ ಸುತ್ತಿಗೆ ಒಂದು ಮೆಟ್ಟಿಲು ಬಾಕಿ ಇರುವಲ್ಲಿಗೆ ಬಂದಿದ್ದಳು. ಆ ಒಂದು ಸುತ್ತನ್ನು ಅವರು ನಮ್ಮ ಕಡೆಯೇ ಚಿತ್ರೀಕರಿಸಲು ತೀರ್ಮಾನಿಸಿದರು. ಮಾದಿಹಳ್ಳಿ ಹತ್ತಿರದ ಒಂದು ಕಲ್ಯಾಣ ಮಂಟಪ ಗೊತ್ತುಮಾಡಿದರು. ಬೇಲೂರು ಅಥವಾ ಹಳೇಬೀಡಿನ ಕಲ್ಲಿನಲ್ಲಿ ಇರುವ ಯಾವುದಾದರೂ ಒಂದನ್ನು ಚಾಕೊಲೇಟಿನಲ್ಲಿ ಮಾಡಬೇಕು. ಒಬ್ಬರು ಹೊರಗೆ ಹೋಗುತ್ತಾರೆ, ಉಳಿದವರು ಕೊನೆಯ ಸುತ್ತಿಗೆ.

ತಾಲೀಮಿಗೆಂದು ತಂಗಿ ಅರಸೀಕೆರೆಗೆ, ಮನೆಗೆ ಬಂದಳು. ಮನೆಯಲ್ಲಿರುವುದು ನಾನು ಮತ್ತು ಅಮ್ಮ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಅಮ್ಮ ಅಲ್ಲಿಯವರೆಗೆ ಆ ಕಾರ್ಯಕ್ರಮವನ್ನು ಒಮ್ಮೆಯೂ ನೋಡಿರಲಿಲ್ಲ. ಟೀವಿ ಹಾಕಿದರೆ ಒಳಗೆ ಹೋಗಿ ಬತ್ತಿ ಹೊಸೆಯುತ್ತ ಕೂರುತ್ತಿದ್ದಳು. "ತಿನ್ನೋ ಪದಾರ್ಥದಲ್ಲಿ ಗೊಂಬೆ ಮಾಡಿ ನಿಲ್ಲಿಸ್ತಾರಂತೆ. ತಿನ್ನೋರು ತಿಂತಾರೋ, ಬಿಡ್ತಾರೋ" ಎನ್ನುವುದು ಅವಳ ತಕರಾರು.

"ಈ ಸಲ ಬಸವನ್ನ ಮಾಡ್ತೀನಮ್ಮ" ಎಂದು ತಂಗಿ ಹೇಳಿದಾಗ ಅಮ್ಮನ ಕೈಯಲ್ಲಿದ್ದ ಬತ್ತಿ ನಿಂತಿತು.

"ಯಾವ ಬಸವ?"

"ಹಳೇಬೀಡಿಂದು. ದೊಡ್ಡದು."

"ಹಂಗಾದ್ರೆ ನಾನೂ ಬತ್ತೀನಿ."

ಮನೆಯವರು ಕೂರುವ ಸಾಲಿನಲ್ಲಿ ಅಮ್ಮ ಒಮ್ಮೆಯಾದರೂ ಬಂದು ಕೂರಬೇಕೆಂಬುದು ತಂಗಿಯ ಬಹುದಿನದ ಆಸೆ. ಬೇರೆ ಸ್ಪರ್ಧಿಗಳ ತಾಯಂದಿರು ಕ್ಯಾಮೆರಾ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದರೆ ಇವಳ ಪಾಲಿಗೆ ಯಾವಾಗಲೂ ನಾನೊಬ್ಬಳೇ. ಆದರೆ ಬಸವನನ್ನು ಆರಿಸಿದ್ದಕ್ಕೆ ಅವಳಿಗೆ ಇನ್ನೊಂದು ಕಾರಣವೂ ಇತ್ತು. ಬೇಲೂರಿನ ಶಿಲಾಬಾಲಿಕೆಯರ ಕೈಗಳು ಮೈಯಿಂದ ಬಿಟ್ಟುಕೊಂಡಿರುತ್ತವೆ, ಅಂಥದ್ದನ್ನು ಚಾಕೊಲೇಟಿನಲ್ಲಿ ಮಾಡಿದರೆ ತೀರ್ಪಿನ ಹೊತ್ತಿಗೆ ಮುರಿಯುತ್ತದೆ. ಬಸವ ಕಾಲು ಮಡಿಸಿ ಕೂತಿದ್ದಾನೆ, ಭಾರವೆಲ್ಲ ಕೆಳಗಿದೆ.

"ಕೂತೋರು ಬೀಳಲ್ಲ ಅಕ್ಕ" ಎಂದಳು.

ಒಂದು ಬೆಳಿಗ್ಗೆ ಮೂವರೂ ಹಳೇಬೀಡಿಗೆ ಹೋದೆವು. ತಂಗಿ ಬಸವನ ಸುತ್ತ ತಿರುಗಿ ಕತ್ತು ಎಲ್ಲಿ ಮೈಗೆ ಸೇರುತ್ತದೆ, ಗೆಜ್ಜೆಸರ ಎಲ್ಲಿ ಮಡಿಕೆಯ ಕೆಳಗೆ ಮರೆಯಾಗುತ್ತದೆ ಎಂದು ನೋಡಿ ನೋಡಿ ಬಿಡಿಸಿಕೊಂಡಳು. ಅಮ್ಮ ತುದಿಗಾಲ ಮೇಲೆ ನಿಂತು ಬಸವನ ಕಿವಿಯ ಕಡೆಗೆ ಕತ್ತು ಚಾಚಿ, ತುಟಿಯಷ್ಟೇ ಅಲುಗಿಸುತ್ತ ಏನೋ ಹೇಳಿದಳು. ಏನು ಕೇಳಿಕೊಂಡೆ ಎಂದರೆ, "ನಿಂಗ್ಯಾಕೆ, ಅವನಿಗೆ ಹೇಳಿದ್ದು" ಎಂದಳು.

ಅಪ್ಪನ ಕಾಲದಲ್ಲಿ ಕೊಬ್ಬರಿ ಮಂಡಿಯಾಗಿದ್ದ ಮುಂದಿನ ಕೋಣೆಯಲ್ಲಿ ತಾಲೀಮು ನಡೆಯಿತು. ಈಗಲೂ ಗೋಡೆಗೆ ಮೂಗಿಟ್ಟರೆ ಕೊಬ್ಬರಿಯ ಕಮಟು ವಾಸನೆ ಬರುತ್ತದೆ. ಚಾಕೊಲೇಟನ್ನು ಬಿಸಿಗೆ ಕರಗಿಸಿ, ನುಣುಪಾದ ಕಲ್ಲಿನ ಮೇಲೆ ಸುರಿದು, ಹರಡಿ, ಮತ್ತೆ ಬಳಿದು, ಹದಕ್ಕೆ ತರಬೇಕು. ಹದ ಒಂದಿಷ್ಟು ತಪ್ಪಿದರೂ ಗಟ್ಟಿಯಾದ ಮೇಲೆ ಬಿಳಿ ಮಸುಕು ಏಳುತ್ತದೆ. ಕರೀ ಬಸವ ನೋಡನೋಡುತ್ತ ಬೂದಿ ಬಳಿದುಕೊಂಡವನಂತೆ ಆಗುತ್ತಾನೆ. ಬಸವನ ಮೈ ಒಳಗೆ ಪೊಳ್ಳು. ಬೆನ್ನ ಮೇಲಿನ ಡುಬ್ಬವನ್ನು, ಅಂದರೆ ಹಿಣಿಲನ್ನು, ಅವಳು ತೆಂಗಿನ ಕರಟದ ಒಳಗೆ ಚಾಕೊಲೇಟು ಹೊಯ್ದು ತೆಗೆಯುತ್ತಿದ್ದಳು. ಕರಟವನ್ನು ಅವಳು ಉಜ್ಜಿ ಉಜ್ಜಿ ಗಾಜಿನಂತೆ ಮಾಡಿದ್ದಳು.

ತಾಲೀಮಿನ ಬಸವ ಮುಗಿದ ಮೇಲೆ ಫೋಟೋ ತೆಗೆದು, ಎಲ್ಲವನ್ನೂ ಮತ್ತೆ ಪಾತ್ರೆಗೆ ಹಾಕಿ ಕರಗಿಸುವುದು ಅವಳ ಕ್ರಮ. ಚಾಕೊಲೇಟು ಮರುದಿನದ ಬಸವನಿಗೆ ಬೇಕಲ್ಲ. ಮೊದಲ ದಿನ ನನಗೆ ಅಳುಕಾಯಿತು, ಅಮ್ಮ ಏನೆನ್ನುತ್ತಾಳೋ ಎಂದು. ಅವಳು ಪಾತ್ರೆಯ ಬದಿಯಲ್ಲೇ ನಿಂತು ಬಸವನ ಮುಖ ಕರಗಿ ತಳ ಸೇರುವವರೆಗೂ ನೋಡಿದಳು.

"ಸಂಕ್ರಾಂತಿ ಅಚ್ಚು ಹಾಲಿಗೆ ಹಾಕಿದಂಗೆ ಐತೆ" ಎಂದಳು, ಅಷ್ಟೆ.

ನಮ್ಮ ಮನೆಯಲ್ಲಿ ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಒಂದು ಕಟ್ಟಳೆಯಿದೆ. ಗಿಳಿ, ಆನೆ, ಕಮಲ ಇವನ್ನೆಲ್ಲ ಮಕ್ಕಳು ಕಟಕಟ ಕಡಿಯಬಹುದು. ಬಸವನ ಅಚ್ಚನ್ನು ಮಾತ್ರ ಹಲ್ಲಿಗೆ ಹಾಕುವಂತಿಲ್ಲ, ಮುರಿಯುವಂತಿಲ್ಲ. ಅದು ಬಿಸಿ ಹಾಲಿಗೆ ಬೀಳಬೇಕು, ಆ ಹಾಲನ್ನು ಎಲ್ಲರೂ ಒಂದೊಂದು ಗುಟುಕು ಕುಡಿಯಬೇಕು. ಬೇರೆ ಮನೆಗಳಲ್ಲಿ ಹೀಗಿದೆಯೋ ಇಲ್ಲವೋ ತಿಳಿಯದು. ಯಾಕೆ ಎಂದು ನಾವು ಕೇಳಿದವರಲ್ಲ.

ತಾಲೀಮಿನಲ್ಲಿ ಎಲ್ಲ ಬಸವಂದಿರೂ ಕರಗಿದರು. ಒಂದನ್ನೂ ಯಾರೂ ಕತ್ತರಿಸಲಿಲ್ಲ. ಹಾಗಾಗಿ ಕತ್ತರಿಸುವ ಯೋಚನೆ ನಮ್ಮ ಮೂವರಲ್ಲಿ ಯಾರಿಗೂ ಬರಲಿಲ್ಲ. ರುಚಿ ನೋಡುವವರಿಗೆಂದು ತಂಗಿ ಬಸವ ಕೂರುವ ಪೀಠವನ್ನೇ ಬೇರೆಯಾಗಿ ಮಾಡಿದ್ದಳು, ಒಳಗೆ ಬೆಲ್ಲ ಮತ್ತು ಹುರಿದ ಕೊಬ್ಬರಿಯ ಪದರಗಳನ್ನಿಟ್ಟು. ಹಿಂದಿನ ಸುತ್ತುಗಳಲ್ಲೂ ತಿನ್ನುವುದು ಬೇರೆ, ನೋಡುವುದು ಬೇರೆ ಆಗಿತ್ತು.

ಚಿತ್ರೀಕರಣದ ದಿನ ಕಲ್ಯಾಣ ಮಂಟಪದ ಕಿಟಕಿಗಳಿಗೆಲ್ಲ ಕರಿ ಬಟ್ಟೆ ಕಟ್ಟಿದ್ದರು. ಒಳಗೆ ಏಸಿ ತಂದು ನಿಲ್ಲಿಸಿದ್ದರು, ಹೊರಗೆ ಜನರೇಟರ್ ಗುಂಯ್ ಎನ್ನುತ್ತಿತ್ತು. ಆ ಸದ್ದು ಒಂದಿಷ್ಟು ಇಳಿದರೂ ಸ್ಪರ್ಧಿಗಳೆಲ್ಲ ಒಟ್ಟಿಗೆ ತಲೆಯೆತ್ತಿ ಮೇಲೆ ನೋಡುತ್ತಿದ್ದರು. ನಮ್ಮನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಒಬ್ಬ ಹುಡುಗಿ ಬಂದು ಅಮ್ಮನ ಸೆರಗಿಗೆ ಪುಟ್ಟ ಮೈಕು ಸಿಕ್ಕಿಸಿದಳು. ಸ್ವಲ್ಪ ಹೊತ್ತಿಗೆ ಧ್ವನಿ ನೋಡಿಕೊಳ್ಳುವವನು ಕಿವಿಯ ಹೆಡ್‌ಫೋನ್ ಸರಿಸಿಕೊಂಡು ಬಂದ.

"ಅಜ್ಜಿ, ಕೊರಳಲ್ಲಿ ಬೆಳ್ಳಿದು ಏನೋ ಇದೆಯಲ್ಲ, ಅದು ಮೈಕಿಗೆ ತಾಗಿ ಟಿಣ್ ಟಿಣ್ ಅಂತಿದೆ. ಸ್ವಲ್ಪ ತೆಗೆದಿಡ್ತೀರಾ?"

ಅದು ಅಮ್ಮನ ಕರಡಿಗೆ. ಒಳಗೆ ಇಷ್ಟಲಿಂಗ. ಅಮ್ಮ ಅವನ ಮುಖವನ್ನೇ ನೋಡಿದಳು.

"ಅದು ತೆಗೆಯೋ ಅಂಥದ್ದಲ್ಲ ಕಣಪ್ಪ" ಎಂದೆ ನಾನು.

"ನಿನ್ನ ಮೈಕೇ ತೆಗಿ" ಎಂದಳು ಅಮ್ಮ. ಅವನು ನಕ್ಕು, "ಹಾಗಾದ್ರೆ ಅಲ್ಲಾಡಬೇಡಿ ಅಜ್ಜಿ" ಎಂದು ಹೋದ. ಅಮ್ಮ ಆಮೇಲೆ ಬಹಳ ಹೊತ್ತು ಕಲ್ಲಿನಂತೆ ಕೂತಳು.

ಎಡಗಿವಿ ಅಂಟಿಸುವಾಗ ತಂಗಿಯ ಕೈಯಿಂದ ಜಾರಿ ಮೇಜಿನ ಮೇಲೆ ಬಿತ್ತು. ಒಡೆಯಲಿಲ್ಲ. ಮತ್ತೆ ಅಂಟಿಸಿದಳು. ಬಸವನ ಹಿಂದಿನ ತೊಡೆಯ ಮೇಲೆ ಬೆರಳಗಲ ಬಿಳಿ ಮಸುಕು ಕಾಣಿಸಿದಂತಾಯಿತು. ಅಥವಾ ಅದು ದೀಪದ ಬೆಳಕೋ ಏನೋ, ನಾನು ದೃಷ್ಟಿ ಕೀಳದೆ ನೋಡಿದೆ, ಬೆಳೆಯಲಿಲ್ಲ. ಸಮಯ ಮುಗಿದ ಗಂಟೆ ಬಾರಿಸಿದಾಗ ಬಸವ ಪೀಠದ ಮೇಲೆ ಕೂತಿದ್ದ. ಕೊರಳ ಗೆಜ್ಜೆಗಳೆಲ್ಲ ಇದ್ದವು. ಅಮ್ಮನ ಕೈ ತಾನಾಗಿ ಮುಗಿಯಿತು. ಅದನ್ನು ಕ್ಯಾಮೆರಾ ಹಿಡಿಯಿತು.

ತೀರ್ಪುಗಾರರಲ್ಲಿ ಹಿರಿಯರಾದ ಹೆಂಗಸು ಮೊದಲು ಹುಬ್ಬಳ್ಳಿಯ ಸ್ಪರ್ಧಿಯ ಮೇಜಿಗೆ ಹೋದರು. ಅವನು ದೇವಸ್ಥಾನದ ಗೋಡೆಯ ಕೆಳಸಾಲಿನ ಆನೆಯೊಂದನ್ನು ಮಾಡಿದ್ದ.

"ಈ ಸಲ ಶಿಲ್ಪದ ಒಳಗೂ ನೋಡ್ತೀವಿ. ಚಾಕೊಲೇಟಿನ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇದೆಯಾ ಅಂತ. ನೀವೇ ಕತ್ತರಿಸಿ ಕೊಡಿ" ಎಂದರು.

ಅವನು ಸುತ್ತಿಗೆ ಎತ್ತಿ ಒಂದೇ ಏಟಿಗೆ ಸೊಂಡಿಲು ಉದುರಿಸಿದ. "ತಗೋರಿ ಮೇಡಂ, ನಿಮ್ಮ ಸಲುವಾಗಿ ಸೊಂಡ್ಲಾನ ಕೊಟ್ಟೇನಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ಅರ್ಧಕ್ಕೆ ಬಂದಾಗ ನನಗೆ ವಿಷಯ ತಿಳಿಯಿತು. ತಂಗಿಯ ಕಡೆ ನೋಡಿದೆ. ಅವಳಿಗೆ ನನಗಿಂತ ಮುಂಚೆಯೇ ತಿಳಿದಿತ್ತು. ಬಸವನ ಕತ್ತನ್ನೇ ನೋಡುತ್ತಿದ್ದಳು.

ಅವಳ ಸರದಿ ಬಂದಾಗ ಅವರು ಬಸವನ ಸುತ್ತ ನಿಧಾನವಾಗಿ ನಡೆದರು. ಪೀಠದ ತುಂಡು ತಿಂದು, "ಈ ಕೊಬ್ಬರಿ ಎಲ್ಲಿಂದು?" ಎಂದು ಕೇಳಿದರು.

"ನಮ್ಮ ತೋಟದ್ದು ಮೇಡಂ."

"ಬಹಳ ಚೆನ್ನಾಗಿದೆ." ಬಾಯಿ ಒರೆಸಿಕೊಂಡು ಬಸವನ ಕತ್ತಿನ ಮೇಲೆ ಬೆರಳಿನಿಂದ ಒಂದು ಗೆರೆ ತೋರಿಸಿದರು. "ಈಗ ಇಲ್ಲಿ ಕತ್ತರಿಸಿ."

ಒಬ್ಬರು ಉದ್ದನೆಯ ಚಾಕು ತಂದು ತಂಗಿಯ ಕೈಗೆ ಕೊಟ್ಟರು. ಮಂಟಪವೆಲ್ಲ ಸುಮ್ಮನಾಯಿತು. ಕತ್ತರಿಸದಿದ್ದರೆ ಅಂಕವಿಲ್ಲ, ಅಂಕವಿಲ್ಲದಿದ್ದರೆ ಮನೆಗೆ. ಕತ್ತರಿಸಿದರೆ ಅಮ್ಮನ ಕಣ್ಣೆದುರಿಗೇ, ಅದೂ ಅಮ್ಮ ಬಂದ ಮೊದಲ ದಿನವೇ, ಬಸವನ ಕತ್ತು. ತಂಗಿ ತಲೆಯೆತ್ತಿ ನಮ್ಮ ಕಡೆ ನೋಡಿದಳು.

ಆಗಲೇ ಅಮ್ಮನ ಕೈ ಎದ್ದದ್ದು. ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿಯಿತು.

ತಂಗಿ ಚಾಕುವನ್ನು ಮೇಜಿನ ಮೇಲೆ ಇಟ್ಟಳು. ಸದ್ದಾಗದಂತೆ ಇಟ್ಟಳು.

"ಕತ್ತರಿಸಲ್ಲ ಮೇಡಂ. ಕರಗಿಸ್ತೀನಿ. ಸ್ವಲ್ಪ ಹಾಲು ಬೇಕು."

"ಕರಗಿಸಿದ್ರೆ ದಪ್ಪ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ."

"ಗೊತ್ತಿದ್ದೂ ಮಾಡ್ತಿದ್ದೀರಾ?"

"ಹೌದು ಮೇಡಂ. ನಮ್ಮನೇಲಿ ಬಸವನ್ನ ಮುರಿಯಲ್ಲ."

ಕ್ಯಾಮೆರಾ ನಿಲ್ಲಿಸಿ ತೀರ್ಪುಗಾರರು ಅವರವರೇ ಮಾತಾಡಿಕೊಂಡರು. ಆ ಹೊತ್ತಿನಲ್ಲಿ ಎದ್ದು ಹೋಗಿ ತಂಗಿಗೆ ಏನಾದರೂ ಹೇಳಬಹುದಿತ್ತೇನೋ, ಆದರೆ ನಮ್ಮನ್ನು ಏಳಬೇಡಿ ಎಂದಿದ್ದರು. ಅಮ್ಮ ಕರಡಿಗೆ ಬಿಟ್ಟಿರಲಿಲ್ಲ. ಕೊನೆಗೆ ತೀರ್ಪುಗಾರರು ಆಗಲಿ ಎಂದರು.

ಹಾಲು ಕಾಯಿಸಿ ತಂಗಿ ಹಿಣಿಲಿನ ಮೇಲೆ ಸಣ್ಣ ಧಾರೆಯಾಗಿ ಬಿಟ್ಟಳು. ಮೊದಲು ಹೊಳಪು ಹೋಯಿತು. ಆಮೇಲೆ ಹಿಣಿಲಿನ ನೆತ್ತಿ ಕುಸಿದು, ಹಾಲು ಒಳಗೆ ಇಳಿಯುವ ಸದ್ದು ಕೇಳಿಸಿತು. ಬೆನ್ನಿನ ಬದಿಯಲ್ಲಿ ಇಳಿದ ಕಂದು ಹಾಲನ್ನು ಬಟ್ಟಲಿಗೆ ಹಿಡಿದು ಆ ಹಿರಿಯ ತೀರ್ಪುಗಾರರಿಗೆ ಕೊಟ್ಟಳು. ಅವರು ಪೂರ್ತಿ ಕುಡಿದರು.

"ರುಚಿಗೆ ಪೂರ್ತಿ ಅಂಕ. ಒಳಗಿನ ಕೆಲಸಕ್ಕೆ ಕೊಡಕ್ಕಾಗಲ್ಲಮ್ಮ, ನಾನು ನೋಡೇ ಇಲ್ಲವಲ್ಲ" ಎಂದರು. ಸಿಟ್ಟಿರಲಿಲ್ಲ. ನ್ಯಾಯವೇ ಆಗಿತ್ತು. ತಂಗಿ ಹೊರಗಾದಳು.

ಬಾಡಿಗೆ ಕಾರಿನಲ್ಲಿ ಹೊರಟು ಜಾವಗಲ್‌ಗೆ ಬಂದೆವು. ಅಲ್ಲಿ ಎದುರಿಗೆ ದನ ಬಂದು ಕಾರು ನಿಂತಾಗ ಅಮ್ಮ ಕೇಳಿದಳು.

"ಕತ್ತರಿಸಿದ್ರೆ ಉಳ್ಕೊತಿದ್ಯೇನೇ?"

"ಉಳ್ಕೊತಿದ್ದೆ ಅನ್ಸುತ್ತೆ."

"ಮತ್ತೆ ಕತ್ತರಿಸಬೇಕಿತ್ತು."

ತಂಗಿ ಮುಂದಿನ ಸೀಟಿನಿಂದ ಪೂರ್ತಿ ಹಿಂದಕ್ಕೆ ತಿರುಗಿದಳು. "ನೀನು ಲಿಂಗ ಹಿಡ್ಕೊಂಡ್ಯಲ್ಲಮ್ಮ."

"ಎಲ್ಲಾರೂ ಸುಮ್ಮನಾದ್ರಲ್ಲ. ಕರಡಿಗೆ ಟಿಣ್ ಅಂದ್ರೆ ಆ ಹುಡುಗ ಮತ್ತೆ ಬಂದು ನಿಂತ್ಕೊತಾನೆ ಅಂತ ಹಿಡ್ಕೊಂಡೆ. ನಾನು ಬ್ಯಾಡ ಅಂದ್ನಾ?"

"ಬೇಡ ಅಂತ ಬಾಯಲ್ಲಿ ಹೇಳಬೇಕಾ? ನಿನ್ನ ಮುಖ ನೋಡಿದೆ ನಾನು."

"ನನ್ನ ಮುಖ ಹುಟ್ಟಿದಾಗಿಂದ ಹಿಂಗೇ ಐತೆ ಕಣೇ."

ಇಬ್ಬರೂ ನನ್ನ ಕಡೆ ತಿರುಗಿದರು. ನೀನು ಪಕ್ಕದಲ್ಲೇ ಕೂತಿದ್ದೆಯಲ್ಲ, ಹೇಳು. ಕರಡಿಗೆ ಸದ್ದು ಮಾಡಿತೇ? ಮುಷ್ಟಿ ಬಿಗಿಯಾಗಿತ್ತೇ? ನಾನು ನೆನೆಸಿಕೊಂಡೆ. ಜನರೇಟರಿನ ಸದ್ದಿತ್ತು. ನಾನು ಚಾಕುವನ್ನು ನೋಡುತ್ತಿದ್ದೆ. "ಕೈ ಎದ್ದದ್ದು ನೋಡಿದೆ" ಎಂದೆ. ಅದು ಇಬ್ಬರಿಗೂ ಉಪಯೋಗಕ್ಕೆ ಬರಲಿಲ್ಲ.

ಕಾರ್ಯಕ್ರಮ ಪ್ರಸಾರವಾದ ದಿನ ತಂಗಿ ಮತ್ತೆ ಊರಿಗೆ ಬಂದಿದ್ದಳು. ಅಮ್ಮ ಬತ್ತಿಯ ತಟ್ಟೆಯನ್ನು ಟೀವಿಯ ಮುಂದಕ್ಕೇ ತಂದು ಕೂತಳು. ಚಾಕು ಬಂತು. ಮದ್ದಲೆಯಂಥ ಸಂಗೀತ ಬಂತು. ಅಮ್ಮನ ಕೈ ಎದ್ದಿತು, ಮತ್ತೆ ಇನ್ನೊಂದು ಬದಿಯಿಂದ ಎದ್ದಿತು, ಮತ್ತೆ ಬಹಳ ನಿಧಾನವಾಗಿ ಎದ್ದಿತು.

"ನಾನು ಒಂದೇ ಸಲ ಎತ್ತಿದ್ದು" ಎಂದಳು ಅಮ್ಮ.

ನಿಧಾನವಾಗಿ ತೋರಿಸಿದಾಗ ಒಂದು ಸಂಗತಿ ಕಂಡಿತು. ಅಮ್ಮನ ತುಟಿ ಅಲುಗುತ್ತಿತ್ತು. ಬಸವನ ಕಿವಿಯಲ್ಲಿ ಹೇಳಿದಾಗ ಅಲುಗಿದಂತೆ. ನಾನು ತಂಗಿಯನ್ನು ನೋಡಿದೆ, ತಂಗಿ ಟೀವಿಯನ್ನೇ ನೋಡುತ್ತಿದ್ದಳು. ಏನು ಹೇಳಿಕೊಂಡೆ ಎಂದು ಇಬ್ಬರೂ ಅಮ್ಮನನ್ನು ಕೇಳಲಿಲ್ಲ.

ಜಾಹೀರಾತು ಬಂದಾಗ ಅಮ್ಮ ಬತ್ತಿ ಹೊಸೆಯುತ್ತಲೇ ಹೇಳಿದಳು. "ಇನ್ನೊಂದು ಸಲ ಕರೆದ್ರೆ ಮರ ಮಾಡೇ. ತೆಂಗಿನ ಮರ. ಯಾರು ಬೇಕಾದ್ರೂ ಕತ್ತರಿಸ್ಕೊಳ್ಳಲಿ."

"ಫಲ ಬಿಡೋ ತೆಂಗಿನ ಮರ ಕಡೀತಾರೇನಮ್ಮ ನಮ್ಮಲ್ಲಿ?"

ಅಮ್ಮ ಯೋಚಿಸಿದಳು. ಒಂದು ಬತ್ತಿ ಪೂರ್ತಿ ಹೊಸೆದು ತಟ್ಟೆಗೆ ಹಾಕಿದಳು.

"ಹಂಗಾದ್ರೆ ಕಾಯಿ ಮಾಡು. ಕಾಯಿ ಇರೋದೇ ಒಡೆಯಾಕೆ."

ತಂಗಿ ನಗಲಿಲ್ಲ. ಜಾಹೀರಾತು ಮುಗಿಯುವ ಮುಂಚೆಯೇ ಎದ್ದು ಮುಂದಿನ ಕೋಣೆಗೆ ಹೋದಳು. ಅಲ್ಲಿ ಕಪಾಟಿನ ಮೇಲೆ ಅವಳು ಉಜ್ಜಿಟ್ಟ ಕರಟಗಳು ಇನ್ನೂ ಇದ್ದವು. ಎರಡನ್ನು ತಂದು ಬಾಯಿಗೆ ಬಾಯಿ ಜೋಡಿಸಿ, ದೀಪಕ್ಕೆ ಹಿಡಿದು, ನಡುವೆ ಬೆಳಕು ನುಸುಳುತ್ತದೆಯೇ ಎಂದು ತಿರುಗಿಸಿ ತಿರುಗಿಸಿ ನೋಡತೊಡಗಿದಳು. ಅಮ್ಮ ಕೈ ಚಾಚಿದಳು, "ಇಲ್ಲಿ ಕೊಡು, ನೋಡಾಣ." ಈ ಸಲ ನಾನು ಅಮ್ಮನ ಕೈಯನ್ನೇ ನೋಡುತ್ತಿದ್ದೆ.